ಕೊಡಗಹಳ್ಳಿಯ ಜನ, ಗಣತಿಯವರ ಪಟ್ಟಿ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಸೀಮೆಯಲ್ಲಿ ಕೊಡಗಹಳ್ಳಿ ಎಂಬ ಊರಿದೆ. ಸಮಾಜಶಾಸ್ತ್ರ ಓದಿದವರು ದೂರದ ದೇಶಗಳಲ್ಲೂ ಈ ಊರನ್ನು ಬಲ್ಲರು. ಆದರೆ ಅವರು ಬಲ್ಲ ಹೆಸರು 'ರಾಂಪುರ'. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲಿ ಬಂದು ನೆಲೆಸಿ ಊರಿನ ಜನಜೀವನವನ್ನು ಬರೆದುಕೊಂಡರು. ಗ್ರಂಥಗಳಲ್ಲಿ ಮಾತ್ರ ಊರಿನ ಹೆಸರನ್ನು ಬದಲಿಸಿದರು.

ಆಗ ಊರಿನ ಜನಸಂಖ್ಯೆ 1,523. ಅದರಲ್ಲಿ ಅರ್ಧಕ್ಕೆ ಸಮೀಪ ಒಕ್ಕಲಿಗರು. ಅವರ ನಂತರ ಕುರುಬರು, ಮುಸ್ಲಿಮರು, ಪರಿಶಿಷ್ಟ ಜಾತಿಯವರು. ಕುಂಬಾರ, ಗಾಣಿಗ, ಅಗಸ, ಕ್ಷೌರಿಕ, ಮೇದ ಮುಂತಾದವರದು ಕೆಲವೇ ಮನೆ. ಸುಗ್ಗಿಯಾದ ಮೇಲೆ ಒಕ್ಕಲು ಮನೆಯವರು ಅಗಸನಿಗೂ ಕ್ಷೌರಿಕನಿಗೂ ವರ್ಷದ ಪಾಲೆಂದು ಧಾನ್ಯವನ್ನೂ ಹುಲ್ಲನ್ನೂ ಅಳೆದು ಕೊಡುತ್ತಿದ್ದರು. ಊರಿನಲ್ಲಿ ಮಾತು ನಡೆಯುತ್ತಿದ್ದುದು ಯಾರದು? ತಲೆಗಳೂ ಹೆಚ್ಚು, ಜಮೀನೂ ಹೆಚ್ಚು ಇದ್ದವರದು. ಇಂಥವರನ್ನು ಶ್ರೀನಿವಾಸ್ 'ಪ್ರಬಲ ಜಾತಿ' ಎಂದು ಕರೆದರು. ಇಂದು ಚುನಾವಣೆಯ ಮಾತು ಬಂದಾಗಲೆಲ್ಲ ಕೇಳುವ ಈ ಪದದ ಬೇರು ನಮ್ಮ ಈ ಕೆರೆ-ಗದ್ದೆಯ ಊರಿನಲ್ಲಿದೆ.

1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವರ್ಷಗಟ್ಟಲೆ ಓರಣಗೊಳಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪನ್ನೇ ನಂಬಿ ಬರೆದ ಅವರ ಗ್ರಂಥ 1976ರಲ್ಲಿ ಹೊರಬಂತು. ಅದರಲ್ಲಿ ಅವರೇ ಒಪ್ಪಿಕೊಂಡ ಒಂದು ಕೊರತೆಯುಂಟು. ಅವರು ಇಳಿದುಕೊಂಡಿದ್ದುದು ಊರ ಪಟೇಲರ ಎತ್ತಿನ ಮನೆಯಲ್ಲಿ. ಹೀಗಾಗಿ ಜಮೀನುದಾರರ ಮಾತು ಕಿವಿಗೆ ಬಿದ್ದಷ್ಟು ಕೇರಿಯವರ ಮಾತು, ಹೆಂಗಸರ ಮಾತು ಬೀಳಲಿಲ್ಲ. ಅಷ್ಟು ದೊಡ್ಡ ವಿದ್ವಾಂಸರಿಗೇ ಹೀಗಾದರೆ, ಮನೆಗೆ ಹತ್ತು ನಿಮಿಷ ಕೊಡುವ ಗಣತಿದಾರರ ಪಾಡೇನು?

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಗಣತಿಯಲ್ಲಿ ಜಾತಿಯನ್ನೂ ಬರೆದುಕೊಳ್ಳಬೇಕೆಂದು ಕೇಂದ್ರ ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ಕೊನೆಯದಾಗಿ ಪ್ರಕಟವಾದದ್ದು 1931ರದು. ಜಾತಿಯ ಕಲಮಿನ ಬಗ್ಗೆ ಅರಳಿಕಟ್ಟೆಯಲ್ಲಿ ಸಾಕಷ್ಟು ಚರ್ಚೆಯಾಗುತ್ತದೆ, ಅದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಉದ್ಯೋಗದ ಕಲಮನ್ನು.

ಜಗಲಿಯ ಮೇಲೆ ಕೂತ ಯಜಮಾನರು, "ನಮ್ಮ ಮನೆಯವಳು ಮನೇಲೇ ಇರ್ತಾಳೆ, ಬರ್ಕೊಳ್ಳಿ" ಎಂದುಬಿಡುತ್ತಾರೆ. ಆ ಹೊತ್ತಿಗೆ ಆಕೆ ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಾಕುತ್ತಿರುತ್ತಾಳೆ! 2011ರ ಗಣತಿಯ ನಿಯಮದಂತೆ, ಕೂಲಿ ಪಡೆಯದೆ ಸ್ವಂತ ಹೊಲದಲ್ಲಿ ದುಡಿಯುವ ಹೆಂಗಸೂ ಸಾಗುವಳಿದಾರಳೇ. ವರ್ಷದಲ್ಲಿ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಕಾಲಿಕರು. ಬೇರೆಯವರ ಜಮೀನನ್ನು ಗುತ್ತಿಗೆಗೋ ವಾರಕ್ಕೋ ಮಾಡುವವರೂ ಸಾಗುವಳಿದಾರರು. ಬರೀ ಕೂಲಿಗೆ ಹೋಗುವವರು ಕೃಷಿ ಕಾರ್ಮಿಕರು. ಕೇರಿಯಲ್ಲಿ ವಾರಕ್ಕೆ ಮಾಡುವ ಎಷ್ಟೋ ಮಂದಿ ತಮ್ಮನ್ನು ಕೂಲಿಯವರೆಂದೇ ಬರೆಸಿಬಿಡುತ್ತಾರೆ. ಪಹಣಿಯಲ್ಲಿ ಹೆಸರಿಲ್ಲ, ಪಟ್ಟಿಯಲ್ಲೂ ಇಲ್ಲವೆಂದಾದರೆ ಬೆಳೆನಷ್ಟದ ದಿನ ಅವರ ಪರ ಹೇಳುವ ಲೆಕ್ಕ ಎಲ್ಲಿಂದ ಬರಬೇಕು?

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿನ ಕಾರ್ಖಾನೆಗೆ ಹೋಗುವ ಮಗನನ್ನು, ಪಹಣಿ ಅವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ರೈತನೆಂದು ಬರೆಸುವುದು. ಗಣತಿ ಕೇಳುವುದು ಮಾಡುವ ಕೆಲಸವನ್ನು, ಖಾತೆಯನ್ನಲ್ಲ. ಗಣತಿಯವರು ಬಂದಾಗ ಮನೆಯ ಹೆಂಗಸರನ್ನು ಒಳಗಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಕೆಲಸವನ್ನು ಅವರೇ ಹೇಳಲಿ.