ಹಗಲಲ್ಲೂ ಕಾಣಬೇಕು ನಮ್ಮ ಗಾಡಿ

ಹೊಸ ಬೈಕಿನಲ್ಲಿ ಹಗಲು ಹೊತ್ತು ಹೋಗುವವರಿಗೆ ಎದುರಿನಿಂದ ಬರುವವರು ಐದೂ ಬೆರಳು ಮುಚ್ಚಿ ತೆರೆದು ಸನ್ನೆ ಮಾಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. "ಲೈಟ್ ಹತ್ತೈತ್ ನೋಡ್ರಿ" ಎಂದು ಅದರ ಅರ್ಥ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಲೈಟು ಮರೆತು ಬಿಟ್ಟದ್ದಲ್ಲ. 2017ರ ಏಪ್ರಿಲ್ 1ರಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದ ಕೂಡಲೇ ಮುಂದಿನ ದೀಪ ತಾನಾಗಿ ಹೊತ್ತಿಕೊಳ್ಳಬೇಕೆಂಬ ನಿಯಮ ಜಾರಿಯಲ್ಲಿದೆ. ಅದಕ್ಕಾಗಿಯೇ ಆ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚನ್ನೇ ತೆಗೆದಿದ್ದಾರೆ.

ಹಾಗಾದರೆ ಅದಕ್ಕಿಂತ ಹಳೆಯ ಗಾಡಿಗಳ ಗತಿ ಏನು? ನಮ್ಮ ಕಾಲೇಜಿಗೆ ಬರುವ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಇರುವುದು ಹಳೆಯ ಓಮ್ನಿ, ಹಳೆಯ ಮಾರುತಿ 800, ಹಳೆಯ ಸ್ಪ್ಲೆಂಡರ್. ನನ್ನ ಮಾಮೂ ಅವರ 2008ರ ಓಮ್ನಿಗೆ ಹಗಲು ದೀಪ ಹಾಕಿಸುವಾಗ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ಎರಡು ತಾಸು ನಿಂತು ನೋಡಿದೆ, ಕೇಳಿದೆ. ನಾವು ಪಿಯುಸಿಯಲ್ಲಿ ಓದುವ ಭೌತಶಾಸ್ತ್ರವೇ ಅಲ್ಲಿಯೂ ಇತ್ತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ನೋಡುವ ದೀಪವಲ್ಲ, ಕಾಣಿಸುವ ದೀಪ

ಡೇಟೈಮ್ ರನ್ನಿಂಗ್ ಲೈಟ್, ಚಿಕ್ಕದಾಗಿ ಡಿಆರ್‌ಎಲ್, ರಸ್ತೆಗೆ ಬೆಳಕು ಚೆಲ್ಲುವುದಕ್ಕಲ್ಲ. ನಮ್ಮ ಗಾಡಿ ಬರುತ್ತಿದೆ ಎಂದು ಎದುರಿನವರಿಗೆ ತಿಳಿಸುವುದಷ್ಟೇ ಅದರ ಕೆಲಸ. ಚಿಗಳ್ಳಿ, ಮುಂಡಗೋಡ ಸುತ್ತಿನ ದಾರಿಗಳನ್ನು ನೆನಪಿಸಿಕೊಳ್ಳಿ. ಬಿಸಿಲು ಹೊಡೆಯುವ ಗೋವಿನಜೋಳದ ಹೊಲ ದಾಟಿದರೆ ತೇಗದ ಕಾಡಿನ ನೆರಳು. ಬಿಸಿಲಿನಲ್ಲಿ ಇರುವವರ ಕಣ್ಣಿಗೆ ಆ ನೆರಳಿನೊಳಗಿಂದ ಬರುವ ಬೂದು ಬಣ್ಣದ ವ್ಯಾನು ತಟ್ಟನೆ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಬೆಳಗಿನ ಹತ್ತು ಗಂಟೆಯೂ ಸಂಜೆಯಂತೆ ಇರುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅದೇ ವೇಗದಲ್ಲಿ ಎರಡು ಗಾಡಿಗಳು ಎದುರುಬದುರು ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 33 ಮೀಟರ್ ಕಡಿಮೆಯಾಗುತ್ತದೆ. ಓವರ್‌ಟೇಕ್ ಮಾಡಲು ಹೊರಟವನಿಗೆ ನಮ್ಮ ಗಾಡಿ ಒಂದೇ ಒಂದು ಸೆಕೆಂಡ್ ಮೊದಲು ಕಂಡರೂ 33 ಮೀಟರ್ ಉಳಿಯಿತು. ಒಂದು ಜೀವಕ್ಕೆ ಅಷ್ಟು ಅಂತರ ಸಾಕಾಗಬಹುದು.

ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಮೇಲೇರದ ಉತ್ತರದ ದೇಶಗಳು ಇದನ್ನು ಮೊದಲು ಮನಗಂಡವು. ಫಿನ್ಲೆಂಡ್ 1972ರಲ್ಲಿ ಹಳ್ಳಿ ರಸ್ತೆಗಳಲ್ಲಿ ಚಳಿಗಾಲದ ಮಟ್ಟಿಗೆ ಹಗಲು ದೀಪ ಕಡ್ಡಾಯ ಮಾಡಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಕಡ್ಡಾಯ ಮಾಡಿತು. ಕೆನಡಾದಲ್ಲಿ 1989ರ ಡಿಸೆಂಬರ್ ನಂತರ ತಯಾರಾದ ಗಾಡಿಗಳಿಗೆ, ಯುರೋಪಿಯನ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಈ ನಿಯಮ ಬಂತು.

ಖರ್ಚಿಲ್ಲದ ದಾರಿ

ಏನನ್ನೂ ಕೊಳ್ಳದೆ ಇವತ್ತೇ ಮಾಡಬಹುದಾದದ್ದು ಒಂದಿದೆ: ಹಗಲಲ್ಲಿ ಡಿಪ್‌ ಲೈಟ್ ಹಾಕಿಕೊಂಡು ಓಡಿಸುವುದು. ಹಳೆಯ ಬೈಕಿಗೆ ನಾನು ಇದನ್ನೇ ಹೇಳುತ್ತೇನೆ. ಹಳೆಯ 100 ಸಿಸಿ ಬೈಕುಗಳಲ್ಲಿ ಬಹಳಷ್ಟಕ್ಕೆ ಹೆಡ್‌ಲೈಟಿಗೆ ಕರೆಂಟು ಬರುವುದು ಮ್ಯಾಗ್ನೆಟೊ ಕಾಯಿಲ್‌ನಿಂದ, ಎಸಿ ರೂಪದಲ್ಲಿ. ಆದ್ದರಿಂದ ಹಗಲೆಲ್ಲ ಉರಿದರೂ ಬ್ಯಾಟರಿ ಇಳಿಯುವ ಚಿಂತೆಯಿಲ್ಲ.

ಕಾರಿನಲ್ಲಿ ಲೆಕ್ಕ ಬೇರೆ. 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬು ಸೇರಿ 110 ವ್ಯಾಟ್. ಜೊತೆಗೆ ಹಿಂದಿನ ದೀಪ, ಮೀಟರಿನ ದೀಪ. ಎಲ್‌ಇಡಿ ಹಗಲು ದೀಪ ಒಂದಕ್ಕೆ 8 ವ್ಯಾಟ್ ಎಂದರೂ ಎರಡಕ್ಕೆ 16. ಇಂಧನ, ಬಲ್ಬು ಎರಡೂ ಉಳಿಯುತ್ತವೆ. ಚಾಲಕ ಸ್ವಿಚ್ ಒತ್ತುವುದನ್ನು ಮರೆತರೂ ಕೀ ತಿರುಗಿಸಿದೊಡನೆ ದೀಪ ತಾನೇ ಹೊತ್ತುತ್ತದೆ.

ದೀಪ ಕೊಳ್ಳುವಾಗ

ಮನೆಯ ಅಲಂಕಾರಕ್ಕೆ ಹಾಕುವ 12 ವೋಲ್ಟಿನ ಎಲ್‌ಇಡಿ ಪಟ್ಟಿ ಇದಕ್ಕೆ ಆಗದು. ಎಂಜಿನ್ ಓಡುವಾಗ ಗಾಡಿಯ ವೋಲ್ಟೇಜ್ 14ರ ಹತ್ತಿರ ಇರುತ್ತದೆ, ಆ ಪಟ್ಟಿ ಬೇಗ ಸುಟ್ಟುಹೋಗುತ್ತದೆ. ಗಾಜಿನ ಮೇಲೆ ವೃತ್ತದೊಳಗೆ 'ಇ' ಮತ್ತು ಪಕ್ಕದಲ್ಲಿ 'ಆರ್‌ಎಲ್' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ವಿಶ್ವಸಂಸ್ಥೆಯ 87ನೇ ವಾಹನ ನಿಯಮದಂತೆ ಪರೀಕ್ಷೆಯಾದ ದೀಪ. ಅಂಥ ದೀಪದ ಪ್ರಖರತೆ 400ರಿಂದ 1200 ಕ್ಯಾಂಡೆಲಾ ಒಳಗಿರುತ್ತದೆ, ಅಂದರೆ ಕಾಣುತ್ತದೆ, ಆದರೆ ಕಣ್ಣು ಕೋರೈಸುವುದಿಲ್ಲ. ಧೂಳು, ಮಳೆ ತಡೆಯಲು ಐಪಿ67 ಗುರುತು ನೋಡಿ.

ಬಣ್ಣ ಬಿಳಿಯೇ ಆಗಿರಬೇಕು. ಮಿನುಗುವ ದೀಪ, ಕೆಂಪು ಅಥವಾ ನೀಲಿ ದೀಪ ಮುಂದೆ ಹಾಕಬಾರದು. ನೆಲದಿಂದ 25 ಸೆಂ.ಮೀ.ಗಿಂತ ಕೆಳಗೆ ಬೇಡ, 150 ಸೆಂ.ಮೀ.ಗಿಂತ ಮೇಲೂ ಬೇಡ. ಎರಡು ದೀಪಗಳ ನಡುವೆ ಕನಿಷ್ಠ 60 ಸೆಂ.ಮೀ. ಅಂತರವಿರಲಿ. ತೀರಾ ಹತ್ತಿರವಿದ್ದರೆ ದೂರದಿಂದ ನೋಡುವವರಿಗೆ ಬೈಕ್ ಬರುತ್ತಿರುವಂತೆ ಕಾಣುತ್ತದೆ.

ಜೋಡಿಸುವುದು ಹೇಗೆ

ಹಗಲು ದೀಪ ಕೀ ಹಾಕಿದಾಗ ಹೊತ್ತಬೇಕು, ರಾತ್ರಿ ಲೈಟ್ ಹಾಕಿದಾಗ ಆರಬೇಕು. ಈ ಎರಡೂ ಕೆಲಸವನ್ನು ಐದು ಪಿನ್ನಿನ ಒಂದು ರಿಲೇ ಮಾಡುತ್ತದೆ. ರಿಲೇ ಎಂದರೆ ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್. ಕಾಯಿಲ್‌ನಲ್ಲಿ ಕರೆಂಟು ಹರಿದಾಗ ಅದು ಒಳಗಿನ ಪಟ್ಟಿಯನ್ನು ಎಳೆದುಕೊಳ್ಳುತ್ತದೆ.

1. ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಬೇಕು. ಅಳತೆ ನೋಡುವಾಗ ಮಾತ್ರ ಮತ್ತೆ ಹಾಕಬೇಕು.

2. ಕೀ ಆನ್ ಆದಾಗ ಮಾತ್ರ ಕರೆಂಟು ಬರುವ ವೈರನ್ನು ಮಲ್ಟಿಮೀಟರ್‌ನಿಂದ ಹುಡುಕಿ, ಅದರಿಂದ 3 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ ಕೊಡಬೇಕು. 16 ವ್ಯಾಟಿಗೆ 12 ವೋಲ್ಟಿನಲ್ಲಿ ಹರಿಯುವುದು ಸುಮಾರು 1.3 ಆಂಪಿಯರ್, ಹಾಗಾಗಿ 3 ಸಾಕು.

3. ರಿಲೇಯ 87ಎ ಪಿನ್ನಿನಿಂದ ಎರಡೂ ದೀಪಗಳ ಪ್ಲಸ್‌ಗೆ. ದೀಪಗಳ ಮೈನಸ್ ಗಾಡಿಯ ಬಾಡಿಗೆ, ಬಣ್ಣ ಕೆರೆದು ಬೋಲ್ಟ್ ಬಿಗಿದು.

4. 86ನೇ ಪಿನ್ನಿಗೆ ಪಾರ್ಕಿಂಗ್ ಲೈಟಿನ ಪ್ಲಸ್ ವೈರ್. 85 ಬಾಡಿಗೆ. 87 ಖಾಲಿ, ಅದಕ್ಕೆ ಟೇಪು ಸುತ್ತಿರಬೇಕು.

ಪಾರ್ಕಿಂಗ್ ಲೈಟ್ ಹಾಕಿದೊಡನೆ ಕಾಯಿಲ್ ಪಟ್ಟಿಯನ್ನು ಎಳೆಯುತ್ತದೆ, 87ಎ ಸಂಪರ್ಕ ಕಡಿದು ಹಗಲು ದೀಪ ಆರುತ್ತದೆ. ಹೆಡ್‌ಲೈಟ್ ವೈರನ್ನೇ ಏಕೆ ಬಳಸಲಿಲ್ಲ ಎಂದು ನಾನು ಕೇಳಿದ್ದೆ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಬಲ್ಬಿಗೆ ಪ್ಲಸ್ ಸದಾ ಇರುತ್ತದೆ, ಸ್ವಿಚ್ ಇರುವುದು ಮೈನಸ್ ಕಡೆ. ಅಂಥಲ್ಲಿ ಆ ವೈರ್ ಹಿಡಿದರೆ ರಿಲೇ ತಪ್ಪು ಕೆಲಸ ಮಾಡುತ್ತದೆ. ಇನ್ನೊಂದು ಎಚ್ಚರಿಕೆ: ಕೆಲವು ಐದು ಪಿನ್ನಿನ ರಿಲೇಗಳಲ್ಲಿ 87ಎ ಇರುವುದಿಲ್ಲ, ಎರಡೂ 87 ಇರುತ್ತವೆ. ರಿಲೇಯ ಮೈಮೇಲಿನ ಚಿತ್ರ ನೋಡಿಯೇ ಕೊಳ್ಳಬೇಕು.

ಫ್ಯೂಸ್ ಎಲ್ಲಿದೆ ಎಂಬುದು ಬಹಳ ಮುಖ್ಯ. ಕರೆಂಟು ತೆಗೆದುಕೊಳ್ಳುವ ಜಾಗದ ಪಕ್ಕದಲ್ಲೇ ಅದು ಇರಬೇಕು. ಫ್ಯೂಸಿಗಿಂತ ಮುಂಚಿನ ವೈರಿಗೆ ಆ ಫ್ಯೂಸಿನ ರಕ್ಷಣೆ ಇಲ್ಲ. ತಗಡಿಗೆ ಉಜ್ಜಿ ಸಿಪ್ಪೆ ಹರಿದರೆ ವೈರು ಕೆಂಪಗೆ ಕಾದು ಬೆಂಕಿ ಹತ್ತಬಹುದು. ಗ್ಯಾಸ್ ಕಿಟ್ ಇರುವ ಓಮ್ನಿಗಳಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ತಗಡಿನ ತೂತಿಗೆ ರಬ್ಬರ್ ಬುಶ್, ವೈರಿಗೆ ಪೈಪ್, ಜೋಡಣೆಗೆ ಬೆಸುಗೆ ಮತ್ತು ಸ್ಲೀವ್ ಹಾಕಿಸಿ. ಕೈಯಿಂದ ತಿರುಚಿ ಟೇಪು ಸುತ್ತಿದ್ದನ್ನು ಒಪ್ಪಬೇಡಿ. ಕೆಲಸವನ್ನು ಅನುಭವವಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿ.

ಕಾನೂನು ಮತ್ತು ಅಭ್ಯಾಸ

ನೋಂದಣಿಯಾದ ಗಾಡಿಯನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಹಾಕುತ್ತದೆ. ಆದ್ದರಿಂದ ಇರುವ ಹೆಡ್‌ಲೈಟ್ ಕತ್ತರಿಸಬೇಡಿ, ಕಣ್ಣು ಕುಕ್ಕುವ ದೀಪ ಹಾಕಬೇಡಿ. ಅನುಮಾನವಿದ್ದರೆ ಮೊದಲೇ ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಹಗಲು ದೀಪಕ್ಕೆ ಒಂದು ಮಿತಿಯೂ ಇದೆ. ಅದು ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಮುಂದೆ ಬೆಳಕು ಕಾಣುತ್ತಿದೆಯಲ್ಲ ಎಂದು ಮುಸ್ಸಂಜೆಯಲ್ಲಿ, ಜೋರು ಮಳೆಯಲ್ಲಿ, ಮಂಜಿನಲ್ಲಿ ಹಾಗೆಯೇ ಓಡಿಸಿದರೆ ಹಿಂದಿನಿಂದ ಬರುವ ಲಾರಿಗೆ ನಮ್ಮ ಗಾಡಿ ಕಾಣದು. ಆಗ ಪಾರ್ಕಿಂಗ್ ಲೈಟಿಗೆ ನಿಲ್ಲದೆ ನೇರ ಹೆಡ್‌ಲೈಟ್ ಹಾಕಬೇಕು.

ದಾರಿಯ ಮೇಲಿನ ಮುಳ್ಳು, ಕಲ್ಲು ಎತ್ತಿ ಬದಿಗಿಡುವುದೂ ಸದಕಾ ಎಂದು ನಾವೆಲ್ಲ ಮದರಸಾದಲ್ಲಿ ಕಲಿತವರು. ಎದುರಿನವರಿಗೆ ನಮ್ಮ ಗಾಡಿ ಸಮಯಕ್ಕೆ ಕಾಣುವಂತೆ ಮಾಡುವುದೂ ಅದೇ ಸಾಲಿನ ಕೆಲಸ ಎಂದು ನನಗೆ ಅನಿಸುತ್ತದೆ. ಹೊಸ ದೀಪಕ್ಕೆ ಹಣ ಹೊಂದಿಸುವುದು ಆಮೇಲಾಗಲಿ. ಈ ಶುಕ್ರವಾರ ನಮಾಝ್ ಮುಗಿದ ಮೇಲೆ ಮನೆಯ ಗಾಡಿಯ ಹೆಡ್‌ಲೈಟ್, ಹಿಂದಿನ ದೀಪ, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲವೂ ಹೊತ್ತುತ್ತವೆಯೇ ಎಂದು ಒಮ್ಮೆ ನೋಡಿ. ಒಬ್ಬರು ಬ್ರೇಕ್ ತುಳಿಯಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಐದು ನಿಮಿಷದ ಕೆಲಸ.