ಯಾರ ಮನೆಯವಳು ಈ ಮದುಮಗಳು?

ಪ್ರಸ್ತದ ರಾತ್ರಿ. ತಲೆ ಅರ್ಧ ನೆರೆತ ಮದುಮಗ ಕೋಣೆಯ ಹೊಸ್ತಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಒಳಗೆ ದೀಪದ ಬೆಳಕಿನಲ್ಲಿ ಸಾಲಾಗಿ ಜೋಡಿಸಿಟ್ಟ ಈಟಿ, ಕತ್ತಿಗಳು ಹೊಳೆಯುತ್ತಿದ್ದವು. ಎರಡೂ ಬದಿಯಲ್ಲಿ ಸೊಂಟಕ್ಕೆ ಖಡ್ಗ ಬಿಗಿದ ದಾಸಿಯರು. ಹತ್ತಾರು ಯುದ್ಧಗಳನ್ನು ಕಂಡವನ ಮುಖ ಬಿಳಿಚಿಕೊಂಡಿತು. ಅರ್ಧ ಆಯುಷ್ಯವನ್ನು ರಣರಂಗದಲ್ಲೇ ಕಳೆದವನಿಗೆ ಆಯುಧ ಕಂಡರೆ ಹೆದರಿಕೆಯೇ ಎಂದು ಮದುಮಗಳು ನಕ್ಕು, ಎಲ್ಲವನ್ನೂ ತೆಗೆಸಿದಳು.

ಇದು ಚೀನಾದ ಪ್ರಸಿದ್ಧ ಐತಿಹಾಸಿಕ ಕಾದಂಬರಿ ‘ಮೂರು ರಾಜ್ಯಗಳ ಕಥೆ’ಯಲ್ಲಿ ಬರುವ ಪ್ರಸಂಗ. 14ನೆಯ ಶತಮಾನದ ಲುವೋ ಗ್ವಾನ್‌ಝೋಂಗ್ ಬರೆದನೆನ್ನುವ ಈ ಕೃತಿಯನ್ನು ಚೀನೀಯರು ತಮ್ಮ ನಾಲ್ಕು ಮಹಾಕಾದಂಬರಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಪುಸ್ತಕ ಓದದವರಿಗೂ ನಾಟಕದಿಂದ, ಕಥೆ ಹೇಳುವವರ ಬಾಯಿಂದ ಅದು ಗೊತ್ತು. ಮದುಮಗ ಲಿಯು ಬೇ, ಮುಂದೆ ಶು ರಾಜ್ಯದ ಚಕ್ರವರ್ತಿಯಾದವನು. ಮದುಮಗಳು ವೂ ರಾಜ್ಯದ ಒಡೆಯ ಸುನ್ ಚ್ವಾನ್‌ನ ತಂಗಿ.

ಓದಿದಾಗ ನಗು ಬರುವ ಪ್ರಸಂಗ. ಆದರೆ ಅದರ ಹಿಂದೆ ಇರುವುದು ಹುಡುಗಿಯನ್ನು ಯಾರೂ ಕೇಳದೆ ಮಾಡಿದ ಒಂದು ಮದುವೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ನಮ್ಮ ಗಾದೆ. ಮದುವೆ ಮಾಡಿಕೊಟ್ಟ ಮಗಳು ಚೆಲ್ಲಿದ ನೀರು ಎಂದು ಚೀನೀಯರ ಗಾದೆ. ಆದರೆ ರಾಜಕೀಯಕ್ಕಾಗಿ ಕೊಟ್ಟ ಹೆಣ್ಣು ಪೂರ್ತಿ ಹೊರಗಾಗುವುದು ತವರಿಗೂ ಬೇಕಿರಲಿಲ್ಲ, ಪೂರ್ತಿ ಒಳಗಾಗಲು ಗಂಡನ ಮನೆಯೂ ಬಿಡಲಿಲ್ಲ. ಹಾಗಾದರೆ ಆಕೆ ಯಾರ ಮನೆಯವಳು? ಚರಿತ್ರೆಯಲ್ಲಿ ಆಕೆಯ ಬಗ್ಗೆ ಇರುವುದು ಕೆಲವೇ ಸಾಲು. ಉಳಿದ ಖಾಲಿ ಜಾಗವನ್ನು ಒಂದೊಂದು ಕಾಲ ತನಗೆ ಬೇಕಾದ ನಿಷ್ಠೆಯಿಂದ ತುಂಬಿದೆ.

ಭಯದಿಂದ ಬೆಳೆದ ಬೀಗತನ

ನಾಲ್ಕು ಶತಮಾನ ಬಾಳಿದ ಹಾನ್ ಸಾಮ್ರಾಜ್ಯ ಎರಡನೆಯ ಶತಮಾನದ ಕೊನೆಗೆ ಕುಸಿಯತೊಡಗಿತ್ತು. ಉತ್ತರದಲ್ಲಿ ತ್ಸಾವ್ ತ್ಸಾವ್ ಎಂಬ ದಂಡನಾಯಕ ಚಕ್ರವರ್ತಿಯನ್ನು ಕೈಗೊಂಬೆ ಮಾಡಿಕೊಂಡು ಆಳುತ್ತಿದ್ದ. ಯಾಂಗ್ಟ್ಸಿ ನದಿಯ ಕೆಳದಂಡೆಯ ಪ್ರದೇಶ ಸುನ್ ಮನೆತನದ್ದು. ಲಿಯು ಬೇಗೆ ರಾಜವಂಶದವನೆಂಬ ಹೆಸರಿತ್ತೇ ಹೊರತು ನೆಲೆಯಿರಲಿಲ್ಲ. 208ರಲ್ಲಿ ತ್ಸಾವ್ ತ್ಸಾವ್ ದಕ್ಷಿಣಕ್ಕೆ ನುಗ್ಗಿದಾಗ ಇವರಿಬ್ಬರೂ ಒಂದಾದರು. ‘ಕೆಂಪು ಬಂಡೆ’ಯ ಕಾಳಗದಲ್ಲಿ ಅವನ ನೌಕಾಪಡೆ ಸುಟ್ಟುಹೋಯಿತು.

ಗೆದ್ದ ಮೇಲೆ ಗೆಳೆಯರ ನಡುವೆ ಜಗಳ ಶುರುವಾಗುವುದು ಹೊಸದೇನಲ್ಲ. ಇಂದಿನ ಹುಬೇ ಮತ್ತು ಹುನಾನ್ ಪ್ರಾಂತಗಳನ್ನೊಳಗೊಂಡ ಜಿಂಗ್‌ಝೌ ಯಾರಿಗೆ ಸೇರಬೇಕು? ಲಿಯು ಬೇ ಅಲ್ಲಿ ಬೇರು ಬಿಡತೊಡಗಿದ. ಮೂರನೆಯ ಶತಮಾನದ ಇತಿಹಾಸಕಾರ ಚೆನ್ ಶೌ ಮುಂದಿನದನ್ನು ಬಹಳ ಚುಟುಕಾಗಿ ಹೇಳುತ್ತಾನೆ. ಸುನ್ ಚ್ವಾನ್‌ಗೆ ಅವನ ಬಗ್ಗೆ ಸ್ವಲ್ಪ ಅಂಜಿಕೆ ಹುಟ್ಟಿತು, ಸ್ನೇಹ ಗಟ್ಟಿಯಾಗಲೆಂದು ತಂಗಿಯನ್ನು ಕೊಟ್ಟ, ಅಷ್ಟೆ. ಅಂಜಿಕೆಯನ್ನೂ ಸ್ನೇಹವನ್ನೂ ಒಟ್ಟಿಗೇ ಹೇಳಿಬಿಡುವ ಈ ಮಾತಿನಲ್ಲಿ ಮದುವೆಯ ಗುಟ್ಟೆಲ್ಲ ಇದೆ.

ಅದು 209ನೆಯ ಇಸವಿ. 161ರಲ್ಲಿ ಹುಟ್ಟಿದ ಲಿಯು ಬೇಗೆ ಆಗ 48 ವರ್ಷ. ಅವನ ಹೊಸ ಭಾವಮೈದುನ ಸುನ್ ಚ್ವಾನ್‌ಗೇ ಇನ್ನೂ 27. ಹುಡುಗಿ ಅಣ್ಣನಿಗಿಂತ ಚಿಕ್ಕವಳು. ತಂದೆ ಅವಳ ಎಳವೆಯಲ್ಲೇ ಯುದ್ಧದಲ್ಲಿ ಸತ್ತಿದ್ದ, ಹಿರಿಯಣ್ಣ 200ರಲ್ಲಿ ತೀರಿಕೊಂಡಿದ್ದ. ಹೆಣ್ಣು ಮೊದಲು ತಂದೆಗೆ, ಆಮೇಲೆ ಗಂಡನಿಗೆ, ಕೊನೆಗೆ ಮಗನಿಗೆ ವಿಧೇಯಳಾಗಿರಬೇಕೆನ್ನುವ ಕನ್‌ಫ್ಯೂಷಿಯಸ್ ಸಂಪ್ರದಾಯದಲ್ಲಿ, ತಂದೆಯಿಲ್ಲದ ಮನೆಯಲ್ಲಿ ಅಣ್ಣನ ಮಾತೇ ಕೊನೆಯ ಮಾತು. ಅವಳ ಒಪ್ಪಿಗೆಯ ಮಾತು ಚರಿತ್ರೆಯಲ್ಲಿ ಬರುವುದೇ ಇಲ್ಲ. ಅಷ್ಟೇಕೆ, ಹೆಸರೂ ಇಲ್ಲ. ಅಲ್ಲಿ ಆಕೆ ಬರೀ ‘ಸುನ್ ಮನೆಯ ಅಮ್ಮನವರು’. ಸುನ್ ರೆನ್ ಎಂಬ ಹೆಸರು ಕಾದಂಬರಿ ಕೊಟ್ಟದ್ದು, ಇಂದು ಎಲ್ಲರಿಗೂ ಗೊತ್ತಿರುವ ಸುನ್ ಷಾಂಗ್‌ಶಿಯಾಂಗ್ ಎಂಬುದು ರಂಗಭೂಮಿ ಕೊಟ್ಟದ್ದು.

ಮನೆಯೋ ದಂಡಿನ ಪಾಳೆಯವೋ

ಪ್ರಸ್ತದ ಕೋಣೆಯ ಆ ಖಡ್ಗಗಳು ಕಾದಂಬರಿಕಾರನ ಕಲ್ಪನೆ ಮಾತ್ರವಲ್ಲ. ಆಕೆ ಚುರುಕುಬುದ್ಧಿಯವಳು, ಅಣ್ಣಂದಿರಂತೆಯೇ ಗಡಸು ಸ್ವಭಾವದವಳು, ನೂರಕ್ಕೂ ಹೆಚ್ಚು ದಾಸಿಯರು ಕತ್ತಿ ಹಿಡಿದು ಕಾವಲು ನಿಲ್ಲುತ್ತಿದ್ದರು, ಒಳಗೆ ಕಾಲಿಟ್ಟಾಗಲೆಲ್ಲ ಗಂಡನ ಎದೆ ನಡುಗುತ್ತಿತ್ತು ಎಂದು ಚೆನ್ ಶೌನ ಇತಿಹಾಸದಲ್ಲೇ ಇದೆ. ಲಿಯು ಬೇಯ ಮಹಾಮಂತ್ರಿ ಝುಗೆ ಲಿಯಾಂಗ್ ಮುಂದೊಮ್ಮೆ ಆ ದಿನಗಳನ್ನು ನೆನೆಯುತ್ತ ತನ್ನ ಒಡೆಯನಿಗೆ ಮೂರು ಕಡೆಯ ಭಯವಿತ್ತೆಂದು ಹೇಳಿದ್ದಾನೆ. ಉತ್ತರದಲ್ಲಿ ತ್ಸಾವ್ ತ್ಸಾವ್, ಪೂರ್ವದಲ್ಲಿ ಸುನ್ ಚ್ವಾನ್, ಮನೆಯೊಳಗೆ ಹೆಂಡತಿ!

429ರಲ್ಲಿ ಪೇ ಸೋಂಗ್‌ಝಿ ಎಂಬ ವಿದ್ವಾಂಸ ಈ ಇತಿಹಾಸಕ್ಕೆ ವಿಸ್ತಾರವಾದ ಟಿಪ್ಪಣಿ ಬರೆದು ಮುಗಿಸಿದ. ತವರಿನಿಂದ ಬಂದ ಸೈನಿಕರನ್ನು ಕಟ್ಟಿಕೊಂಡು ಆಕೆ ದರ್ಪದಿಂದ ನಡೆಯುತ್ತಿದ್ದಳು, ಅವರು ಯಾವ ಕಟ್ಟಳೆಗೂ ಬಗ್ಗುತ್ತಿರಲಿಲ್ಲ, ಹಾಗಾಗಿ ಲಿಯು ಬೇ ತನ್ನ ನಂಬಿಕೆಯ ದಳಪತಿ ಝಾವ್ ಯುನ್‌ನನ್ನು ಅಂತಃಪುರದ ಉಸ್ತುವಾರಿಗೆ ನೇಮಿಸಿದ ಎಂದು ಅವನು ಸಂಗ್ರಹಿಸಿದ ಬರಹವೊಂದು ಹೇಳುತ್ತದೆ.

ಇದೆಲ್ಲ ಗಂಡನ ಕಡೆಯವರು ಬರೆದಿಟ್ಟ ಮಾತು ಎಂಬುದನ್ನು ಮರೆಯಬಾರದು. ಅದನ್ನೇ ಆಕೆಯ ಕಡೆಯಿಂದ ನೋಡೋಣ. ಕಂಡರಿಯದ ಊರು, ತಂದೆಯ ವಯಸ್ಸಿನ ಗಂಡ, ಬೇಹುಗಾರಳೆಂದೇ ನೋಡುವ ಮಂತ್ರಿಗಳು, ಕೋಣೆಯ ಬಾಗಿಲಿಗೇ ಮೇಲ್ವಿಚಾರಕ. ನಮ್ಮವರು ಎನ್ನಲು ಆಕೆಗೆ ಇದ್ದದ್ದು ಕತ್ತಿ ಹಿಡಿದ ಆ ನೂರು ಹೆಣ್ಣುಗಳು. ಗಂಡನ ಮನೆಯ ಕಣ್ಣಿಗೆ ದರ್ಪವಾಗಿ ಕಂಡದ್ದು ಆಕೆಗೆ ಧೈರ್ಯದ ಆಸರೆ ಆಗಿದ್ದಿರಬಹುದಲ್ಲವೆ?

ಈ ಸಂಸಾರ ಬಹಳ ಕಾಲ ನಡೆಯಲಿಲ್ಲ. 211ರಲ್ಲಿ ಲಿಯು ಬೇ ಪಶ್ಚಿಮದ ಸಿಚುವಾನ್ ಕಡೆಗೆ ದಂಡೆತ್ತಿ ಹೋದ. ಸುದ್ದಿ ತಿಳಿದ ಸುನ್ ಚ್ವಾನ್ ತಂಗಿಯನ್ನು ಕರೆತರಲು ದೋಣಿಗಳನ್ನು ಕಳಿಸಿದ. ಆಕೆ ಹೊರಟಳು. ಹೊರಡುವಾಗ ಗಂಡನ ಒಬ್ಬನೇ ವಾರಸುದಾರ, ಎಳೆಯ ಮಲಮಗ ಲಿಯು ಷಾನ್‌ನನ್ನೂ ಜೊತೆಗೆ ಕರೆದುಕೊಂಡಳು. ಝಾವ್ ಯುನ್, ಝಾಂಗ್ ಫೇ ಇಬ್ಬರೂ ನದಿಗೆ ಅಡ್ಡಗಟ್ಟಿ ಮಗುವನ್ನು ಕಿತ್ತುಕೊಂಡರು. ಆಕೆಯನ್ನು ಹೋಗಗೊಟ್ಟರು. ಅಣ್ಣನಿಗೆ ಒತ್ತೆಯಾಗಿ ಕೊಡಲು ಮಗುವನ್ನು ಎತ್ತಿಕೊಂಡಳೋ, ಸಾಕಿದ ಮಮತೆಗೆ ಎತ್ತಿಕೊಂಡಳೋ? ಆಕೆಯ ಮನಸ್ಸಿನ ಬಗ್ಗೆ ಒಂದು ಮಾತೂ ಅಲ್ಲಿಲ್ಲ. ಕೆಳಗಿಳಿದು ಹೋದ ಆ ದೋಣಿಯೊಂದಿಗೆ ಆಕೆ ಚರಿತ್ರೆಯಿಂದಲೇ ಮರೆಯಾಗುತ್ತಾಳೆ.

ಬಲೆಗೆ ಕಟ್ಟಿದ ಹಕ್ಕಿ

ಕಾದಂಬರಿಕಾರನಿಗೆ ಇಷ್ಟು ಸಾಕಾಗಿತ್ತು. 210ರಲ್ಲಿ ಲಿಯು ಬೇ ಭಾವಮೈದುನನ ಊರಿಗೆ ಭೇಟಿಗೆ ಹೋದದ್ದು ನಿಜ. ಅವನನ್ನು ಅರಮನೆ, ಸುಂದರಿಯರ ಆಸೆ ತೋರಿಸಿ ಅಲ್ಲೇ ಹಿಡಿದಿಡಬೇಕೆಂದು ಸೇನಾಪತಿ ಜೋ ಯು ಸಲಹೆ ಕೊಟ್ಟದ್ದೂ ನಿಜ. ಸುನ್ ಚ್ವಾನ್ ಆ ಸಲಹೆಯನ್ನು ಒಪ್ಪಲಿಲ್ಲ. ಕಾದಂಬರಿ ಈ ಭೇಟಿಯನ್ನೂ ಮದುವೆಯನ್ನೂ ಒಂದೇ ಹುರಿಯಾಗಿ ಹೆಣೆಯಿತು. ಮದುವೆಯೇ ಜೋ ಯು ಹೂಡಿದ ಬಲೆ. ಹೆಣ್ಣು ಕೊಡುತ್ತೇವೆಂದು ಕರೆಸಿ, ಸೆರೆ ಹಿಡಿದು, ಜಿಂಗ್‌ಝೌ ಕಸಿದುಕೊಳ್ಳುವ ಹಂಚಿಕೆ. ಬಲೆಗೆ ಕಟ್ಟಿದ ಹಕ್ಕಿಗೆ ಮಾತ್ರ ಇದಾವುದೂ ತಿಳಿಯದು.

ಆದರೆ ಹುಡುಗಿಯ ತಾಯಿಗೆ ಗುಟ್ಟು ತಿಳಿದುಬಿಡುತ್ತದೆ. ಮಗಳನ್ನು ಎರೆಯಾಗಿ ಬಳಸಿದ್ದಕ್ಕೆ ಆಕೆ ಸಿಡಿಯುತ್ತಾಳೆ. ಗಾನ್‌ಲು ದೇವಾಲಯದಲ್ಲಿ ವರನನ್ನು ತಾನೇ ನೋಡಿ, ಮೆಚ್ಚಿ, ಮದುವೆ ಮಾಡಿಯೇ ತೀರುತ್ತಾಳೆ. ಇತಿಹಾಸದಲ್ಲಿ ಸುನ್ ಚ್ವಾನ್‌ನ ತಾಯಿ ಈ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಕಾದಂಬರಿ ಅದಕ್ಕಾಗಿಯೇ ಒಬ್ಬ ಚಿಕ್ಕಮ್ಮನನ್ನು ಸೃಷ್ಟಿಸಿ ತಾಯಿಯ ಸ್ಥಾನದಲ್ಲಿ ನಿಲ್ಲಿಸಿತು. ಬಲವಂತದ ಮದುವೆ ಹೃದಯದ ಮದುವೆಯಾಗಬೇಕಾದರೆ ಮನೆಯಲ್ಲಿ ಒಬ್ಬರಾದರೂ ಹುಡುಗಿಯ ಪರ ಮಾತಾಡಬೇಕಿತ್ತು ನೋಡಿ.

ಮದುವೆಯ ನಂತರ ಸೊಸೆ ಗಂಡನ ಕಡೆಗೇ ವಾಲುತ್ತಾಳೆ. ವರ್ಷದ ಮೊದಲ ದಿನ ನದಿ ದಂಡೆಯಲ್ಲಿ ಪಿತೃಗಳಿಗೆ ಪೂಜೆ ಮಾಡುವ ನೆಪ ಹೇಳಿ ಇಬ್ಬರೂ ಪರಾರಿ. ಸಿಟ್ಟಿಗೆದ್ದ ಅಣ್ಣ ತನ್ನ ಖಡ್ಗವನ್ನೇ ದಳಪತಿಗಳ ಕೈಗಿತ್ತು ತಂಗಿಯ ತಲೆಯನ್ನೂ ತರಲು ಹೇಳುತ್ತಾನೆ. ಅಡ್ಡಗಟ್ಟಿದ ತವರಿನ ದಳಪತಿಗಳನ್ನು ಆಕೆ ಗದರಿಸಿ ಹಿಂದಕ್ಕಟ್ಟುತ್ತಾಳೆ. ಕೊಟ್ಟ ಹೆಣ್ಣೂ ಹೋಯಿತು, ಬೆನ್ನಟ್ಟಿದ ಸೈನ್ಯವೂ ಸೋತಿತು. ಎರಡೂ ಕಳೆದುಕೊಂಡವನನ್ನು ಆಡಿಕೊಳ್ಳಲು ಚೀನೀಯರು ಈಗಲೂ ಬಳಸುವ ನಾಣ್ಣುಡಿ ಹುಟ್ಟಿದ್ದು ಈ ಪ್ರಸಂಗದಿಂದ.

ಇಷ್ಟು ಗಟ್ಟಿಗಿತ್ತಿಯನ್ನು ಮತ್ತೆ ತವರಿಗೆ ಕಳಿಸುವುದು ಹೇಗೆ? ಇತಿಹಾಸದಲ್ಲಿ ಆಕೆ ವಾಪಸಾದದ್ದನ್ನು ಅಳಿಸುವಂತಿಲ್ಲ. ತಾಯಿ ಸಾವಿನ ಹಾಸಿಗೆಯಲ್ಲಿದ್ದಾಳೆಂಬ ಸುಳ್ಳು ಓಲೆಯೊಂದನ್ನು ಅಣ್ಣ ಕಳಿಸುತ್ತಾನೆ. ಹೆತ್ತವರ ಸೇವೆಯೇ ಪರಮಧರ್ಮವೆನ್ನುವ ಸಮಾಜದಲ್ಲಿ ಆ ಕರೆಗೆ ಓಗೊಟ್ಟವಳನ್ನು ದ್ರೋಹಿ ಎನ್ನುವಂತಿಲ್ಲ. ಗಂಡನ ಮೇಲಿನ ನಿಷ್ಠೆಗೂ ಕುಂದು ಬರಲಿಲ್ಲ, ಮಗಳ ಕರ್ತವ್ಯಕ್ಕೂ ಲೋಪವಿಲ್ಲ. ಅಲ್ಲಿಯೂ ಆಕೆಯನ್ನು ಎಳೆದಾಡಿದ್ದು ಅಣ್ಣನ ಸುಳ್ಳೇ.

ಹೊಳೆಗೆ ನೂಕಿದವರು

219ರಲ್ಲಿ ಸುನ್ ಚ್ವಾನ್ ಜಿಂಗ್‌ಝೌವನ್ನು ವಶಪಡಿಸಿಕೊಂಡ. ಅದನ್ನು ಕಾಯುತ್ತಿದ್ದ, ಲಿಯು ಬೇಗೆ ಒಡಹುಟ್ಟಿದವನಂತಿದ್ದ ಗ್ವಾನ್ ಯು ಸೆರೆಸಿಕ್ಕು ಕೊಲೆಯಾದ. 221ರಲ್ಲಿ ಚಕ್ರವರ್ತಿಯಾದ ಲಿಯು ಬೇ ಸೇಡು ತೀರಿಸಿಕೊಳ್ಳಲು ದಂಡೆತ್ತಿ ಬಂದು, 222ರಲ್ಲಿ ಯೀಲಿಂಗ್‌ನಲ್ಲಿ ಸೋತು ಓಡಿದ. ಬೀಗತನ ಗಟ್ಟಿಮಾಡಬೇಕಿದ್ದ ಗೆಳೆತನ ಹೀಗೆ ರಕ್ತದಲ್ಲಿ ಮುಗಿಯಿತು.

ಇಂದು ಹೆಚ್ಚಿನವರು ಓದುವ ಕಾದಂಬರಿಯಲ್ಲಿ, ಈ ಯುದ್ಧದಲ್ಲಿ ಗಂಡ ಸತ್ತನೆಂಬ ಗಾಳಿಸುದ್ದಿ ತವರಿನಲ್ಲಿದ್ದ ಆಕೆಯ ಕಿವಿಗೆ ಬೀಳುತ್ತದೆ. ರಥವೇರಿ ನದಿಯ ದಂಡೆಗೆ ಬರುತ್ತಾಳೆ, ಪಶ್ಚಿಮಕ್ಕೆ ಮುಖ ಮಾಡಿ ಅಳುತ್ತಾಳೆ, ನೀರಿಗೆ ಹಾರುತ್ತಾಳೆ. ಸುದ್ದಿ ಸುಳ್ಳು. ಲಿಯು ಬೇ ಇನ್ನೂ ಬದುಕಿದ್ದ, 223ರವರೆಗೆ.

ಗಮನಿಸಬೇಕಾದ್ದೆಂದರೆ, 1522ರ ಹಳೆಯ ಮುದ್ರಣದಲ್ಲಿ ಈ ಸಾವು ಇಲ್ಲ. ಜನಪದದಲ್ಲಿ ಓಡಾಡುತ್ತಿದ್ದ ಕಥೆಯನ್ನು ಕಾದಂಬರಿಯೊಳಗೆ ತಂದವರು 17ನೆಯ ಶತಮಾನದ ಸಂಪಾದಕರಾದ ಮಾವೋ ಲುನ್ ಮತ್ತು ಅವನ ಮಗ ಮಾವೋ ಝೋಂಗ್‌ಗಾಂಗ್. ಅವರ ಕಾಲವನ್ನು ನೋಡಿದರೆ ಕಾರಣ ಊಹಿಸಬಹುದು. ಗಂಡ ಸತ್ತ ಮೇಲೆ ಮರುಮದುವೆಯಾಗದೆ ಉಳಿದ, ಅಥವಾ ಪ್ರಾಣವನ್ನೇ ಬಿಟ್ಟ ಹೆಂಗಸರಿಗೆ ಸರಕಾರವೇ ಕಮಾನು ಕಟ್ಟಿಸಿ ಗೌರವಿಸುತ್ತಿದ್ದ ಕಾಲ ಅದು. 1644ರಲ್ಲಿ ಮಿಂಗ್ ವಂಶ ಬಿದ್ದು ಮಂಚೂಗಳ ಆಳ್ವಿಕೆ ಬಂದಿತ್ತು, ಯಾರಿಗೆ ನಿಷ್ಠರಾಗಿರಬೇಕೆಂಬ ಪ್ರಶ್ನೆ ಗಂಡಸರನ್ನೂ ಸುಡುತ್ತಿತ್ತು. ಮಾವೋಗಳ ಪಾಲಿಗೆ ಲಿಯು ಬೇಯ ರಾಜ್ಯವೇ ಧರ್ಮಸಮ್ಮತ ರಾಜ್ಯ. ಅವನಿಗಾಗಿ ಸತ್ತ ಹೆಂಡತಿ ಏಕಕಾಲಕ್ಕೆ ಪತಿವ್ರತೆಯೂ ಆದಳು, ರಾಜನಿಷ್ಠಳೂ ಆದಳು.

ಮೂರನೆಯ ಶತಮಾನಕ್ಕೆ ಈ ಕಟ್ಟುನಿಟ್ಟು ಇರಲಿಲ್ಲ. ಈಕೆ ತವರಿಗೆ ಹೋದ ಮೇಲೆ ಲಿಯು ಬೇ ಮದುವೆಯಾದದ್ದು ಒಬ್ಬ ವಿಧವೆಯನ್ನು. ಮುಂದೆ ಆತ ಚಕ್ರವರ್ತಿಯಾದಾಗ ಪಟ್ಟದ ರಾಣಿಯಾದವಳೂ ಆಕೆಯೇ. ಯಾರೂ ಹುಬ್ಬೇರಿಸಿದಂತೆ ಕಾಣದು.

ಜನ ಮಾತ್ರ ಈ ಸಾವನ್ನು ನಂಬಿದರು. ಝೆನ್‌ಜಿಯಾಂಗ್ ನಗರದ ಬೇಗೂ ಗುಡ್ಡದ ಮೇಲೆ, ಆಕೆ ನದಿಗೆ ತರ್ಪಣ ಬಿಟ್ಟು ಹಾರಿದಳೆನ್ನುವ ಜಾಗದಲ್ಲಿ ಒಂದು ಮಂಟಪವಿದೆ. ಅದೇ ಗುಡ್ಡದಲ್ಲಿ ಗಾನ್‌ಲು ದೇವಾಲಯವೂ ಇದೆ. ಆದರೆ ಆ ದೇವಾಲಯ ಕಟ್ಟಿದ್ದೇ ಮದುವೆಯಾಗಿ ದಶಕಗಳು ಕಳೆದ ಮೇಲೆ!

ಬೀಜಿಂಗ್ ಶೈಲಿಯ ಸಂಗೀತ ನಾಟಕದಲ್ಲಿ ಈ ಮದುವೆಗೆ ಇನ್ನೊಂದು ರೂಪ. ‘ಡ್ರ್ಯಾಗನ್ ಮತ್ತು ಫೀನಿಕ್ಸ್ ತಂದ ಶುಭ’ ಎಂಬರ್ಥದ ಹೆಸರಿನಲ್ಲಿ ಹಬ್ಬ, ಶುಭಸಮಾರಂಭಗಳಲ್ಲಿ ಇದನ್ನು ಆಡುತ್ತಾರೆ. ಸಂಚಿನಿಂದ ಹುಟ್ಟಿದ ಮದುವೆ ಶುಭದ ಸಂಕೇತವಾಗಿದೆ. ನವದಂಪತಿ ಪಾರಾಗಿ ಗಂಡನ ಊರು ಸೇರುವಲ್ಲಿಗೆ ಪರದೆ ಬೀಳುತ್ತದೆ. ಮುಂದಿನದು ಎಲ್ಲರಿಗೂ ಗೊತ್ತು, ಆದರೆ ಹಬ್ಬದ ದಿನ ಬೇಡ. 2008ರಲ್ಲಿ ಮೊದಲ ಭಾಗ ಬಿಡುಗಡೆಯಾದ ಜಾನ್ ವೂ ನಿರ್ದೇಶನದ ‘ರೆಡ್ ಕ್ಲಿಫ್’ ಚಿತ್ರದಲ್ಲಂತೂ ಆಕೆ ಗಂಡುವೇಷ ಹಾಕಿ ಶತ್ರುವಿನ ಪಾಳೆಯಕ್ಕೆ ನುಗ್ಗುವ ಬೇಹುಗಾರಳು. ನಮ್ಮ ಕಾಲಕ್ಕೆ ಸಾಯುವ ಪತಿವ್ರತೆಗಿಂತ ಕತ್ತಿ ಹಿಡಿದ ಹುಡುಗಿಯೇ ಹೆಚ್ಚು ಇಷ್ಟ.

ಹೀಗೆ ಒಬ್ಬಳೇ ಹೆಣ್ಣು ಗಂಡನ ಕಡೆಯವರಿಗೆ ಅಪಾಯ, ಕಾದಂಬರಿಗೆ ಪ್ರೇಮಿ, ಸಂಪಾದಕರಿಗೆ ಸತಿ, ಸಿನಿಮಾಕ್ಕೆ ವೀರಾಂಗನೆ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಆಕೆ ಯಾರ ಕಡೆಯವಳು? ಆಕೆಯ ಕಡೆ ಯಾರಿದ್ದರು ಎಂದು ಕೇಳಿದವರು ಕಡಿಮೆ. ಮದುವೆಯಿಂದ ಗೆಳೆತನ ಕಟ್ಟಲು ಹೊರಟವರು ಆ ಗೆಳೆತನದ ಭಾರವನ್ನೆಲ್ಲ ಒಬ್ಬ ಹುಡುಗಿಯ ಹೆಗಲಿಗೆ ಹೊರಿಸಿ, ಅದು ಮುರಿದಾಗ ಆಕೆಯ ನಿಷ್ಠೆಯನ್ನು ಅಳೆಯಲು ಕುಳಿತರು.

ಚರಿತ್ರೆಯ ಪುಟದಲ್ಲಿ ಆಕೆ ನೀರಿಗೆ ಹಾರುವುದಿಲ್ಲ. ದೋಣಿಯಲ್ಲಿ ಕುಳಿತು, ಹರಿವಿನ ಜೊತೆ ಕೆಳಕ್ಕೆ, ಹುಟ್ಟಿದೂರಿನ ಕಡೆಗೆ ಹೋಗುತ್ತಾಳೆ, ಅಷ್ಟೆ. ಆಕೆಯನ್ನು ಹೊಳೆಗೆ ನೂಕಿದವರು ಆಮೇಲೆ ಬಂದವರು.