ಜ್ವರ ಬಿಟ್ಟರೂ ಏದುಸಿರು ಯಾಕೆ ಬಿಡುವುದಿಲ್ಲ?



ಹೋದ ಮಳೆಗಾಲದಲ್ಲಿ ನಮ್ಮವ್ವನಿಗೆ ವೈರಲ್ ಜ್ವರ ಬಂದಿತ್ತು. ಐದು ದಿನಕ್ಕೆ ಜ್ವರ ಬಿಟ್ಟಿತು. ಆದರೆ ಕೆಮ್ಮು ಬಿಡಲಿಲ್ಲ. ನೀರಿನ ಕೊಡ ಹೊತ್ತು ಬರುವಾಗ ದಾರಿಯಲ್ಲಿ ಮೂರು ಕಡೆ ಕೂತು ಏದುಸಿರು ಬಿಡೋಳು. "ಜ್ವರ ಹೋಗಿ ತಿಂಗಳಾಯ್ತು, ಇನ್ನೂ ಏನೇ ನಿಂದು?" ಅಂತ ಅಜ್ಜಿ ಬೈಯೋಳು. ಅವ್ವ ಸುಮ್ಮನಿರೋಳು. ನನಗೂ ಒಂದ್ಸಲ ಅವ್ವ ನೆಪ ಹೇಳ್ತಾಳೆ ಅನ್ನಿಸಿತ್ತು. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಡಾಕ್ಟರು ಮತ್ತು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಉಸಿರಿನ ದಾರಿ

ಮೂಗಿನಿಂದ ಹೋದ ಗಾಳಿ ಶ್ವಾಸನಾಳದಲ್ಲಿ ಇಳಿಯುತ್ತದೆ. ಆ ನಾಳ ಮರದ ಕೊಂಬೆಗಳ ಹಾಗೆ ಕವಲಾಗುತ್ತಾ ಹೋಗಿ ಸಣ್ಣ ಸಣ್ಣ ಗಾಳಿಚೀಲಗಳನ್ನು ಸೇರುತ್ತದೆ. ಇಂಥ ಚೀಲಗಳು ನಮ್ಮ ಎರಡು ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ಇವೆ. ಆಮ್ಲಜನಕ ರಕ್ತಕ್ಕೆ ಸೇರುವುದು ಇಲ್ಲಿಯೇ. ನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥ ಎಳೆಗಳಿವೆ. ಅವು ಪೊರಕೆಯ ಹಾಗೆ ಧೂಳು, ಕಫವನ್ನು ಮೇಲಕ್ಕೆ ಗುಡಿಸುತ್ತವೆ.

ವೈರಸ್ ಏನು ಮಾಡುತ್ತದೆ?

ವೈರಸ್ ಈ ಗೋಡೆಯ ಜೀವಕೋಶಗಳ ಒಳಹೊಕ್ಕು ತನ್ನಂಥವನ್ನೇ ಬಹಳ ಮಾಡಿಕೊಳ್ಳುತ್ತದೆ. ಕೋಶಗಳು ಸಾಯುತ್ತವೆ. ಅವುಗಳ ಜೊತೆ ಪೊರಕೆಯೂ ಹೋಗುತ್ತದೆ. ನಮ್ಮ ದೇಹ ವೈರಸ್ಸನ್ನು ಸೋಲಿಸಿದಾಗ ಜ್ವರ ಬಿಡುತ್ತದೆ. ಆದರೆ ಮಳೆ ನಿಂತ ಕೂಡಲೇ ಬಿದ್ದ ಗೋಡೆ ಏಳುತ್ತದೆಯೇ? ಕಟ್ಟಬೇಕು, ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಹೀಗಾಗುತ್ತದೆ:

1. ಗುಡಿಸುವವರಿಲ್ಲದೆ ಕಫ ನಿಲ್ಲುತ್ತದೆ. ಕೆಮ್ಮಿಯೇ ಹೊರಹಾಕಬೇಕು.

2. ನಾಳ ಊದಿಕೊಂಡು ಕಿರಿದಾಗಿರುತ್ತದೆ. ಒಲೆಯ ಹೊಗೆ, ಧೂಳು, ತಣ್ಣನೆ ಗಾಳಿ ತಾಗಿದರೆ ಇನ್ನೂ ಬಿಗಿಯುತ್ತದೆ. ಪರಂಗಿ ಎಲೆಯ ದಪ್ಪ ದಂಟಿನಲ್ಲಿ ಒಮ್ಮೆ ಊದಿ, ಸಣ್ಣ ದಂಟಿನಲ್ಲಿ ಒಮ್ಮೆ ಊದಿ ನೋಡಿ. ಯಾವುದು ಕಷ್ಟ ಅಂತ ನಿಮಗೇ ತಿಳಿಯುತ್ತೆ.

3. ಮಲಗಿ ಮಲಗಿ ಕಾಲಿನ ಸ್ನಾಯುಗಳೂ, ಉಸಿರೆಳೆಯುವ ವಪೆಯೂ ಸೊರಗಿರುತ್ತವೆ.

ಇಂಥ ಕೆಮ್ಮು 3ರಿಂದ 8 ವಾರ ಇರಬಹುದು. ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಕೊರೋನಾ ಬಂದ ಕೆಲವರಿಗೆ ತಿಂಗಳುಗಟ್ಟಲೆ ಏದುಸಿರು, ಸುಸ್ತು ಉಳಿಯಿತು. ಹೀಗೆ ಉಳಿಯುವುದೂ ಒಂದು ಕಾಯಿಲೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದಕ್ಕೆ ವಿವರಣೆ ಕೊಟ್ಟಿದೆ. ಹಾಗಾಗಿ ಅದು ನೆಪ ಅಲ್ಲ.

ಏನು ಮಾಡಬೇಕು?

ಏದುಸಿರು ಬಂದರೆ ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಹೂವು ಮೂಸಿದ ಹಾಗೆ ಮೂಗಿನಿಂದ ಎಳೆದುಕೊಳ್ಳಿ, ದೀಪ ಆರದ ಹಾಗೆ ಮೆಲ್ಲಗೆ ತುಟಿಯಿಂದ ಬಿಡಿ. ಕೆಲಸವನ್ನು ತುಂಡು ತುಂಡು ಮಾಡಿಕೊಳ್ಳಿ. ದಿನಾ ಸ್ವಲ್ಪ ಸ್ವಲ್ಪ ನಡಿಗೆ ಹೆಚ್ಚಿಸಿ. ಬೀಡಿ ಸೇದುವವರು ಮನೆಯೊಳಗೆ ಸೇದಬಾರದು. ವೈರಸ್ಸಿಗೆ ಆಂಟಿಬಯಾಟಿಕ್ ಮಾತ್ರೆ ಹತ್ತುವುದಿಲ್ಲ, ಅಂಗಡಿಯಿಂದ ಸುಮ್ಮನೆ ತಂದು ನುಂಗಬೇಡಿ.

ಯಾವಾಗ ತಡಮಾಡಬಾರದು?

ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಕಫದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಅವ್ವನ ಕಫದಲ್ಲಿ ಏನೂ ಇರಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಅಜ್ಜಿಗೆ ದಂಟು ಊದಿಸಿ ತೋರಿಸಿದೆ. ಅವತ್ತಿನಿಂದ ಅಜ್ಜಿ ಬೈಯಲಿಲ್ಲ. ನೀರನ್ನು ಅಪ್ಪ, ನಾನು ತರ್ತೀವಿ. ಅವ್ವ ಈಗ ಹೊಲಕ್ಕೆ ಹೋಗುವಾಗ ಬೇವಿನ ಮರದ ಹತ್ತಿರ ಒಂದೇ ಸಲ ಕೂರುತ್ತಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಜ್ವರ ಬಿಟ್ಟ ಮೇಲೂ ಕೂತು ಕೂತು ನಡೆಯುತ್ತಿದ್ದರೆ ಬೈಯಬೇಡಿ. ಅವರ ಕೈಯಿಂದ ಕೊಡ ಇಸ್ಕೊಳ್ಳಿ.

— 7ನೇ ತರಗತಿ